ಕ್ಷಯವೆಂದು ಹೇಳಿದ್ದ ಶ್ವಾಸಕೋಶದ ಕ್ಯಾನ್ಸರ್: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಲೆನಾಡಿನ ಊರೊಂದರ 58 ವರ್ಷದ ಈ ಗೃಹಿಣಿ ಬೀಡಿ, ಸಿಗರೇಟು ಮುಟ್ಟಿದವರಲ್ಲ. ಹೊಗೆಯ ನಂಟೆಂದರೆ ಮದುವೆಯಾದಂದಿನಿಂದ ಊದಿದ ಸೌದೆ ಒಲೆ ಮತ್ತು ಬಚ್ಚಲ ಹಂಡೆಯ ಉರಿ. ಒಣಕೆಮ್ಮಿನ ಜೊತೆಗೆ ಶ್ವಾಸಕೋಶದ ಸುತ್ತ ನೀರು ತುಂಬಿದಾಗ, ನಮ್ಮಲ್ಲಿ ಎಷ್ಟೋ ಸಲ ಆಗುವಂತೆ, ಮೊದಲು ಕ್ಷಯದ ಚಿಕಿತ್ಸೆ ಶುರುವಾಯಿತು. ಎರಡು ತಿಂಗಳಾದರೂ ನೀರು ಮತ್ತೆ ಮತ್ತೆ ತುಂಬಿಕೊಳ್ಳುತ್ತಿದ್ದುದರಿಂದ ಬಯಾಪ್ಸಿ ಮಾಡಿಸಿದರು. ಬಂದ ವರದಿ ಅಡಿನೋಕಾರ್ಸಿನೋಮ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರ್, ಹರಡಿಬಿಟ್ಟಿರುವ ನಾಲ್ಕನೇ ಹಂತ. ಧೂಮಪಾನ ಮಾಡದವರಲ್ಲಿ ಹೆಚ್ಚಾಗಿ ಕಾಣಸಿಗುವ ಇಜಿಎಫ್‌ಆರ್ ಎಂಬ ಜೀನಿನ ಮಾರ್ಪಾಡು ಗಡ್ಡೆಯಲ್ಲಿದ್ದುದರಿಂದ ಕೀಮೋ ಬದಲು, ಆ ಮಾರ್ಪಾಡಿರುವ ಕ್ಯಾನ್ಸರನ್ನೇ ಗುರಿಯಾಗಿಸುವ ಜೆಫಿಟಿನಿಬ್ ಮಾತ್ರೆಯನ್ನು ದಿನಕ್ಕೊಂದರಂತೆ (250 ಮಿಲಿಗ್ರಾಂ) ಕೊಟ್ಟರು. ಮನೆಯವರು ಕ್ಷಯವೆಂಬ ಹೆಸರನ್ನು ಹಾಗೆಯೇ ಉಳಿಸಿಕೊಂಡು, 'ಮಾತ್ರೆ ಬದಲಾಯಿಸಿದ್ದಾರೆ' ಎಂದಷ್ಟೇ ಹೇಳಿದರು.

ನನ್ನ ಬಳಿಗೆ ಮೊದಲು ಬಂದವನು ಮಗ. "ಅಮ್ಮನಿಗೆ ಧೈರ್ಯ ಹೇಳಿ ಮೇಡಂ, ಕಾಯಿಲೆ ಹೆಸರು ಮಾತ್ರ ಎತ್ತಬೇಡಿ, ಅವರು ತಡೆದುಕೊಳ್ಳೋದಿಲ್ಲ" ಎಂದ. ಹೆಸರನ್ನು ನಾನಾಗಿ ಎತ್ತುವುದಿಲ್ಲ, ಆದರೆ ಅವರೇ ಕೇಳಿದರೆ ಸುಳ್ಳನ್ನೂ ಹೇಳುವುದಿಲ್ಲ ಎಂಬ ಒಪ್ಪಂದದ ಮೇಲೆ ತಾಯಿಯನ್ನು ಒಬ್ಬರನ್ನೇ ಕೂರಿಸಿಕೊಂಡು, ಕಾಯಿಲೆಯ ಬಗ್ಗೆ ಏನು ತಿಳಿದುಕೊಂಡಿದ್ದೀರಿ ಎಂದು ಕೇಳಿದೆ.

"ಟಿಬಿ ಅಂತೆ. ಆರು ತಿಂಗಳ ಕೋರ್ಸು. ಇನ್ನು ಮೂರು ವಾರ, ಮುಗೀತು."

ಲೋಟ, ತಟ್ಟೆ, ಹಾಸಿಗೆ ಎಲ್ಲವನ್ನೂ ಬೇರೆ ಮಾಡಿಕೊಂಡಿದ್ದರು. ಅಂಟೀತು ಎಂದು ಎರಡು ವರ್ಷದ ಮೊಮ್ಮಗಳನ್ನು ಐದು ತಿಂಗಳಿಂದ ಎತ್ತಿಕೊಂಡಿರಲಿಲ್ಲ. ಮುಖದ ತುಂಬ ಮೊಡವೆಯಂಥ ಗುಳ್ಳೆಗಳು ಎದ್ದು, ಭೇದಿಯೂ ಆಗುತ್ತಿದ್ದುದರಿಂದ ವಾರಕ್ಕೆರಡು ದಿನ ಮಾತ್ರೆ ಬಿಡುತ್ತಿದ್ದರು; ಮಗ ನೊಂದುಕೊಳ್ಳುತ್ತಾನೆಂದು ಅದನ್ನು ಮುಚ್ಚಿಟ್ಟಿದ್ದರು.

ಕೇಳುತ್ತ ನಾನು ಗಾಬರಿಯಾದದ್ದು ನಿಜ. ಕ್ಷಯದ ಮಾತ್ರೆಗೆ ಕೊನೆಯ ದಿನವೊಂದಿದೆ. ಈ ಮಾತ್ರೆಯನ್ನು ಅದು ಕೆಲಸ ಮಾಡುವಷ್ಟು ಕಾಲವೂ ನುಂಗಬೇಕು. ಮಗನಿಗೆ ಇದನ್ನು ಗದರದೆ, ಆದರೆ ಮೆದುಗೊಳಿಸದೆ ಹೇಳಿದೆ: ನೀವು ತಾಯಿಯನ್ನು ಭಯದಿಂದ ಕಾಪಾಡಲು ಹೊರಟಿರಿ, ಅವರು ಮೊಮ್ಮಗಳನ್ನು ನಿಮ್ಮ ಸುಳ್ಳಿನಿಂದ ಕಾಪಾಡುತ್ತಿದ್ದಾರೆ, ಮೂರು ವಾರ ಕಳೆದರೆ ಔಷಧಿಯೂ ನಿಂತುಹೋಗುತ್ತದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ.

ಎಷ್ಟು ತಿಳಿಯಬೇಕು ಎಂಬುದನ್ನು ತಾಯಿಯೇ ನಿರ್ಧರಿಸಲಿ ಎಂದು ಸಲಹೆ ಕೊಟ್ಟೆ. ಎಲ್ಲವನ್ನೂ ಒಂದೇ ಸಲಕ್ಕೆ ಸುರಿದುಬಿಡುವುದು ಪ್ರಾಮಾಣಿಕತೆಯೆಂದು ನಾನು ನಂಬುವುದಿಲ್ಲ. ಮುಂದಿನ ಭೇಟಿಯಲ್ಲಿ ಕೇಳಿದಾಗ ಅವರು, "ಹೆಸರು ಹೇಳಿ. ಎಷ್ಟು ದಿನ ಅನ್ನೋದು ಬೇಡ" ಎಂದರು. ಹೆಸರನ್ನು ವೈದ್ಯರೇ ಹೇಳಿದರು, ಮಗ ಪಕ್ಕದಲ್ಲಿ ಕೈ ಹಿಡಿದು ಕೂತಿದ್ದ. ಆಕೆಯ ಮೊದಲ ಪ್ರಶ್ನೆ, "ಹಾಗಾದ್ರೆ ಇದು ಅಂಟೋದಿಲ್ವಾ?"

ಮುಂದಿನ ಮಾತುಕತೆ ಬಹುಪಾಲು ಮಾತ್ರೆಯದೇ. ಗುಳ್ಳೆ, ಭೇದಿ, ಉಗುರಂಚಿನ ಬಾವು ಈ ಔಷಧಿಯ ಗೊತ್ತಿರುವ ಅಡ್ಡಪರಿಣಾಮಗಳು. ಅವಕ್ಕೆ ಚಿಕಿತ್ಸೆಯಿದೆ, ಅಗತ್ಯಬಿದ್ದರೆ ಕೆಲದಿನ ನಿಲ್ಲಿಸುವುದೂ ಉಂಟು, ಆದರೆ ಆ ತೀರ್ಮಾನ ವೈದ್ಯರದು. ವಾಸನೆಯಿಲ್ಲದ ಕ್ರೀಮು ಹಚ್ಚಿಕೊಳ್ಳುವುದು, ಬಿಸಿಲಿನಿಂದ ದೂರವಿರುವುದು, ಭೇದಿಯಾದರೆ ಓಆರ್‌ಎಸ್ ಕುಡಿದು ಆಸ್ಪತ್ರೆಗೆ ಫೋನ್ ಮಾಡುವುದು. ನಮ್ಮ ಮನೆಗಳಲ್ಲಿ ಕೇಳದೆಯೇ ನುಂಗುವ ಗ್ಯಾಸ್ ಮಾತ್ರೆ ಈ ಔಷಧಿ ಮೈಗೆ ಹತ್ತುವುದನ್ನು ತಗ್ಗಿಸುವುದರಿಂದ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಉಸಿರಾಟದ ತೊಂದರೆ ಇದ್ದಕ್ಕಿದ್ದಂತೆ ಹೆಚ್ಚಿದರೆ ಅಂದೇ ಆಸ್ಪತ್ರೆಗೆ ಬರಬೇಕು.

ಸಾಮಾನ್ಯವಾಗಿ ವರ್ಷದ ಆಸುಪಾಸಿನಲ್ಲಿ ಕಾಯಿಲೆ ಈ ಮಾತ್ರೆಗೆ ಬಗ್ಗದಂತಾಗುತ್ತದೆ, ಆಗ ಮತ್ತೆ ಪರೀಕ್ಷಿಸಿ ಬೇರೆ ಔಷಧಿ ನೋಡುತ್ತಾರೆ ಎಂಬುದನ್ನು, ತಾಯಿಯ ಒಪ್ಪಿಗೆ ಪಡೆದು, ಮಗನಿಗೆ ಮಾತ್ರ ತಿಳಿಸಿದೆ. ನೋವು, ಸಂಕಟ ತಗ್ಗಿಸಲು ನೆರವಾಗುವ ಉಪಶಮನ ಆರೈಕೆಯ ತಂಡವನ್ನು ಕೊನೆಗಾಲಕ್ಕೆಂದು ಕಾಯದೆ ಈಗಲೇ ಕಾಣುವಂತೆಯೂ ಹೇಳಿದೆ.

ಮೂರು ತಿಂಗಳ ಬಳಿಕ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬಂದರು. ಮಾತ್ರೆ ಒಂದು ದಿನವೂ ತಪ್ಪಿಲ್ಲವಂತೆ. ಮಗ ಈಗಲೂ ಕ್ಯಾನ್ಸರ್ ಎನ್ನುವುದಿಲ್ಲ, 'ಆ ಕಾಯಿಲೆ' ಎನ್ನುತ್ತಾನೆ. ಅವನಿಗೆ ಕಷ್ಟವಾಗುತ್ತದೆಂದು ತಾಯಿಯೂ ಮನೆಯಲ್ಲಿ ಹಾಗೆಯೇ ಕರೆಯುತ್ತಾರೆ. ಅದನ್ನು ತಿದ್ದಲು ನಾನು ಹೋಗಲಿಲ್ಲ.