ಅಂಕಿ ಬಿಡಿ, ಬಾಟಲಿಯ ಜಾತಕ ಕೇಳಿ

(ನೀರಿನ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು, ಬೆಂಗಳೂರಿನಲ್ಲಿ ಹಲವು ವರ್ಷ ಕೊಳಚೆ ನೀರಿನ ಪರೀಕ್ಷೆ ಮಾಡಿ ನಿವೃತ್ತರಾದ ಪ್ರಯೋಗಾಲಯ ರಸಾಯನಶಾಸ್ತ್ರಜ್ಞೆ.)

ನಮ್ಮ ಬಡಾವಣೆಯ ಪಕ್ಕದಲ್ಲಿರುವ ಕೊಳಚೆ ನೀರು ಸಂಸ್ಕರಣಾ ಘಟಕದ ಗೇಟಿನ ಮೇಲೆ ವಿದ್ಯುತ್ ಫಲಕವೊಂದಿದೆ. ಅದರಲ್ಲಿ ಸದಾ ‘ಬಿಒಡಿ 6’ ಎಂದೇ ಇರುತ್ತದೆ. ಇನ್ನೂರು ಹೆಜ್ಜೆ ದಾಟಿದರೆ ರಾಜಕಾಲುವೆ ಮೂಗು ಬಿಡಲು ಆಗದಷ್ಟು ನಾರುತ್ತದೆ. ಫಲಕ ಸುಳ್ಳು ಹೇಳುತ್ತಿದೆಯೇ?
– ಓದುಗರೊಬ್ಬರು, ಬೆಂಗಳೂರು

ನೀವು ಬರೆದ ಆರು ಎಂಬ ಅಂಕಿಗಿಂತ ‘ಸದಾ’ ಎಂಬ ಪದವೇ ನನ್ನ ಕಣ್ಣಿಗೆ ಚುಚ್ಚಿತು. ಊರಿನ ಕೊಳಚೆಗೆ ಗಂಟೆಗೊಂದು ಗುಣ. ಬೆಳಗಿನ ಸ್ನಾನ, ಬಟ್ಟೆ, ಪಾತ್ರೆಯ ನೀರು ಒಟ್ಟಿಗೇ ನುಗ್ಗುತ್ತದೆ. ನಡುರಾತ್ರಿ ಹರಿವು ತೆಳುವಾಗುತ್ತದೆ. ಮಳೆ ಬಿದ್ದ ದಿನ ಕೊಳಚೆಯೂ ನೀರು ಬೆರೆಸಿದ ಹಾಲಿನಂತಾಗುತ್ತದೆ. ಘಟಕ ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ ಹೊರಗೆ ಬರುವ ನೀರಿನ ಬಿಒಡಿ, ಅಂದರೆ ಉಳಿದ ಕೊಳೆಯ ಅಳತೆ, ಐದು, ಒಂಬತ್ತು, ಏಳು ಎಂದು ಅಲುಗಾಡುತ್ತಲೇ ಇರಬೇಕು. ತಿಂಗಳುಗಟ್ಟಲೆ ಆರರಲ್ಲೇ ನಿಂತಿದೆ ಎಂದರೆ ಅಳೆಯುವ ಸಲಾಕೆ ನಿದ್ದೆ ಹೋಗಿದೆ. ಅದರ ಗಾಜಿನ ಮೇಲೆ ಪಾಚಿ ಕಟ್ಟಿರಬಹುದು, ಅಥವಾ ಯಾರೂ ಅದನ್ನು ಸರಿಹೊಂದಿಸದೆ ಬಿಟ್ಟಿರಬಹುದು. ಸಲಾಕೆಯನ್ನು ಶುದ್ಧ ನೀರಿನ ಬಕೆಟಿನಲ್ಲಿ ಇಳಿಬಿಟ್ಟು ಮನೆಗೆ ಹೋಗುವ ಪುಣ್ಯಾತ್ಮರೂ ಲೋಕದಲ್ಲಿದ್ದಾರೆ.

ಆದರೆ ಗೇಟಿನವರ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಒಂದು ಕೆಲಸ ಮಾಡಿ. ಘಟಕದ ನೀರು ಕಾಲುವೆಗೆ ಬೀಳುವ ಜಾಗಕ್ಕಿಂತ ಮೇಲಕ್ಕೆ, ನೀರು ಹರಿದು ಬರುವ ದಿಕ್ಕಿಗೆ ನಡೆದು ನೋಡಿ. ಅಲ್ಲಿಯೂ ನಾತವಿದ್ದರೆ ಘಟಕಕ್ಕೆ ಬಂದು ಸೇರಬೇಕಾದ ಕೊಳಚೆ ದಾರಿಯಲ್ಲೇ ಕಾಲುವೆಗೆ ಇಳಿಯುತ್ತಿದೆ ಎಂದರ್ಥ. ಬೆಂಗಳೂರಿನಲ್ಲಿ ಇದು ಅಪರೂಪವೇನಲ್ಲ. ಆಗ ನೀವು ಕೇಳಬೇಕಾದ್ದು ಘಟಕದವರನ್ನಲ್ಲ, ಒಳಚರಂಡಿ ಜಾಲದ ಹೊಣೆ ಹೊತ್ತವರನ್ನು.

ಇನ್ನು ಬಿಒಡಿ. ನೀರಿನಲ್ಲಿ ಉಳಿದ ಕೊಳೆಯನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತವೆ ಎಂಬ ಲೆಕ್ಕ ಅದು. ನಮ್ಮಲ್ಲಿ ಬಾಟಲಿಯನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಕತ್ತಲಲ್ಲಿಟ್ಟು ಅಳೆಯುವುದು ರೂಢಿ. ಮೂರು ದಿನ ಹಿಡಿಯುವ ಉತ್ತರವನ್ನು ಗೇಟಿನ ಫಲಕ ನಿಮಿಷನಿಮಿಷಕ್ಕೂ ಹೇಗೆ ಕೊಡುತ್ತದೆ? ಅದು ಅಳೆಯುವುದಿಲ್ಲ, ಅಂದಾಜು ಮಾಡುತ್ತದೆ. ನೀರಿನೊಳಗೆ ನೇರಳಾತೀತ ಬೆಳಕು ಹಾಯಿಸಿ, ಎಷ್ಟು ಬೆಳಕು ಹೀರಿಹೋಯಿತು ಎಂಬುದರಿಂದ ಬಿಒಡಿ ಇಷ್ಟಿರಬಹುದು ಎಂದು ಊಹಿಸುತ್ತದೆ. ಆಗಾಗ ಪ್ರಯೋಗಾಲಯದ ಫಲಿತಾಂಶದೊಂದಿಗೆ ತಾಳೆ ನೋಡುತ್ತಿದ್ದರೆ ಊಹೆ ಚೆನ್ನಾಗಿಯೇ ಇರುತ್ತದೆ. ತಾಳೆ ನೋಡುವವರು ಇಲ್ಲದಿದ್ದರೆ ಅದು ಗಿಳಿಶಾಸ್ತ್ರ.

ಪ್ರಯೋಗಾಲಯದ ಪರೀಕ್ಷೆಯಲ್ಲಿ ಕಣ್ಣಿಗೆ ಕಾಣುವ ಸಾಕ್ಷಿ ಇರುತ್ತದೆ. ಬಾಟಲಿಗೆ ಮ್ಯಾಂಗನೀಸ್ ಲವಣವನ್ನೂ ಕ್ಷಾರವನ್ನೂ ಹಾಕಿ ತಲೆಕೆಳಗು ಮಾಡಿದರೆ, ಆಮ್ಲಜನಕ ಇದ್ದಲ್ಲಿ ಕಂದು ಮೋಡವೊಂದು ಮೆಲ್ಲಗೆ ತಳಕ್ಕೆ ಇಳಿಯುತ್ತದೆ. ಆಮ್ಲಜನಕ ಪೂರ್ತಿ ಖಾಲಿಯಾಗಿದ್ದರೆ ಒಡೆದ ಹಾಲಿನಂತೆ ಬಿಳಿಯಾಗಿ ಉಳಿಯುತ್ತದೆ. ಆ ಬಿಳಿ ಕಂಡ ದಿನ ನನಗೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ.

ಹಾಗೆಂದು ಪ್ರಯೋಗಾಲಯದ ವರದಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಘಟಕದಿಂದ ಕೋಲಿಫಾರ್ಮ್ (ಮಲದ ಸುಳಿವು ಕೊಡುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ನೀರು ತಂದಿದ್ದೆ. ಫಲಿತಾಂಶ ಸೊನ್ನೆ. ಕೊಳಚೆ ಘಟಕದಿಂದ ಗಂಗಾಜಲ ಬಂದಿದೆ ಎಂದು ಹಿಗ್ಗಿ ಹಿರಿಯರಿಗೆ ತೋರಿಸಿದೆ. ಅವರು ಹಾಳೆಯನ್ನು ನೋಡಲೇ ಇಲ್ಲ. “ಬಾಟಲಿಗೆ ಥಯೊಸಲ್ಫೇಟ್ ಹಾಕಿದ್ದಿರೇನಮ್ಮ?” ಎಂದು ಮಾತ್ರ ಕೇಳಿದರು. ನಾನು ಹಾಕಿರಲಿಲ್ಲ. ಘಟಕದವರು ಹೊರಬಿಡುವ ಮೊದಲು ಕ್ಲೋರಿನ್ ಬೆರೆಸುತ್ತಾರೆ. ಥಯೊಸಲ್ಫೇಟ್ ಹಾಕಿದರೆ ಆ ಕ್ಲೋರಿನ್ ಅಲ್ಲಿಗೇ ಅಡಗುತ್ತದೆ. ಹಾಕದಿದ್ದರೆ ಜೀಪಿನಲ್ಲಿ ಬರುವ ದಾರಿಯುದ್ದಕ್ಕೂ ಅದು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತಲೇ ಇರುತ್ತದೆ. ಕಾಲುವೆಗೆ ಜೀವಂತವಾಗಿ ಹೋದವು ನನ್ನ ಬಾಟಲಿಯೊಳಗೆ ಸತ್ತಿದ್ದವು. ವರದಿಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಆದರೆ ಅದು ಕಾಲುವೆಯ ಕಥೆಯಾಗಿರಲಿಲ್ಲ.

ಅಂದಿನಿಂದ ನಾನು ಅಂಕಿಗಿಂತ ಮೊದಲು ಬಾಟಲಿಯ ಜಾತಕ ಕೇಳುತ್ತೇನೆ. ಎಲ್ಲಿ ತುಂಬಿದ್ದು? ಎಷ್ಟು ಹೊತ್ತಿಗೆ? ಒಂದೇ ಸಲ ಮೊಗೆದದ್ದೋ, ಇಡೀ ದಿನ ಗಂಟೆಗಂಟೆಗೆ ಹರಿವಿಗೆ ತಕ್ಕಂತೆ ತೆಗೆದು ಕೂಡಿಸಿದ್ದೋ? ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬಂತೋ, ಬಿಸಿಲಲ್ಲೋ? ಅಧಿಕಾರಿಗಳು ಬರುವ ಬೆಳಿಗ್ಗೆ ಹನ್ನೊಂದಕ್ಕೆ ಗಾಳಿಯೂದುವ ಯಂತ್ರಗಳೆಲ್ಲ ಗುಂಯ್‌ಗುಡುತ್ತಿರುತ್ತವೆ. ರಾತ್ರಿ ಎರಡಕ್ಕೆ ವಿದ್ಯುತ್ ಬಿಲ್ಲು ಉಳಿಸಲು ಅವು ಬಾಯಿ ಮುಚ್ಚಿದ್ದರೆ, ಹನ್ನೊಂದರ ಬಾಟಲಿಗೆ ಅದು ಹೇಗೆ ಗೊತ್ತಾಗಬೇಕು?

ನೀವು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವುದಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಆ ಘಟಕದ ಕಾರ್ಯಾಚರಣೆ ಸಮ್ಮತಿ ಪತ್ರದ ಪ್ರತಿ ಕೇಳಿ. ಮಿತಿ ಎಷ್ಟು ಎಂಬುದು ಅದರಲ್ಲಿದೆ. ಈ ವಿಷಯದಲ್ಲಿ ಗೊಂದಲ ಸಹಜ. 2017ರ ಕೇಂದ್ರ ಅಧಿಸೂಚನೆ ಮಹಾನಗರಗಳಿಗೆ ಲೀಟರಿಗೆ 20 ಮಿಲಿಗ್ರಾಂ ಬಿಒಡಿ ಎಂದಿತು. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 10ಕ್ಕೆ ಇಳಿಸಲು ಹೇಳಿತು. ಜೊತೆಗೆ ದಿನದ ಹರಿವಿನ ಅಂಕಿಯನ್ನೂ ಕೇಳಿ. ಲೀಟರಿಗೆ 10 ಮಿಲಿಗ್ರಾಂ ಎಂದರೆ ಏನೂ ಅಲ್ಲ ಅನ್ನಿಸುತ್ತದೆ. ದಿನಕ್ಕೆ ಆರು ಕೋಟಿ ಲೀಟರ್ ಬಿಡುವ ಘಟಕದಲ್ಲಿ ಅದು 600 ಕಿಲೋ.

ಬೆಂಗಳೂರಿನಿಂದ ಬರುವ ನೀರು ನಮ್ಮ ಕೆರೆಯನ್ನು ತುಂಬಿಸಿದೆ. ನೋಡಲು ತಿಳಿಯಾಗಿದೆ. ಕುದಿಸಿ ಬಳಸಿದರೆ ಸಾಲದೇ?
– ರೈತ ಮಹಿಳೆ, ಕೋಲಾರ ಜಿಲ್ಲೆ

ತಾಯಿ, ಆ ನೀರನ್ನು ನೇರವಾಗಿ ಕುಡಿಯಲು ಕುದಿಸಿಯೂ ಬಳಸಬೇಡಿ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯನ್ನು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ದಿನಕ್ಕೆ 44 ಕೋಟಿ ಲೀಟರ್ ನಿಮ್ಮ ಕಡೆಗೆ ಸಾಗಿಸಲು ರೂಪಿಸಿದರು, 2018ರಲ್ಲಿ ನೀರು ಹರಿಯಿತು. ಉದ್ದೇಶ ಕೆರೆ ತುಂಬಿ ಅಂತರ್ಜಲ ಏರಲಿ ಎಂಬುದು. ಬತ್ತಿದ ಜಿಲ್ಲೆಗೆ ಅದು ಸಣ್ಣ ಉಪಕಾರವಲ್ಲ, ಅದನ್ನು ಹಗುರವಾಗಿ ಆಡುವವರ ಸಾಲಿನಲ್ಲಿ ನಾನಿಲ್ಲ. ಆದರೆ ಅದು ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರು. ಕೊಳೆ ಬಹುಪಾಲು ಹೋಗಿರುತ್ತದೆ, ಸಾರಜನಕವೂ ರಂಜಕವೂ ಸಾಕಷ್ಟು ಉಳಿದಿರುತ್ತವೆ. ಇವು ಬಣ್ಣವಿಲ್ಲದ ಗೊಬ್ಬರ. ನೀರು ತಿಳಿಯಾಗಿದ್ದಷ್ಟೂ ಬಿಸಿಲು ಆಳಕ್ಕಿಳಿದು ಪಾಚಿಗೆ ಇನ್ನೂ ಅನುಕೂಲ. ಅದೇ ವರ್ಷದ ಜುಲೈನಲ್ಲಿ ಕೆರೆಯಲ್ಲಿ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟಿಗೆ ಹೋದದ್ದು ನಿಮಗೇ ನೆನಪಿರಬಹುದು. ಬೆಳ್ಳಂದೂರಿನ ಕೋಡಿಯ ನೊರೆ ಕಂಡಿದ್ದ ನಮಗೆ ಅದರ ಗುರುತು ಹೇಳಿಕೊಡಬೇಕಿರಲಿಲ್ಲ.

ನೀವು ಮಾಡಿಸಬೇಕಾದ ಪರೀಕ್ಷೆ ಕೆರೆಯದ್ದಲ್ಲ, ಕೆರೆಯ ಕೆಳಗಿನ ಕೊಳವೆಬಾವಿಯದ್ದು. ನೈಟ್ರೇಟ್, ಅಂದರೆ ಆ ಸಾರಜನಕದ್ದೇ ಒಂದು ರೂಪ, ಎಷ್ಟಿದೆ ಎಂದು ಬರೆಸಿ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಸಾಯುವುದಿಲ್ಲ. ನೀರು ಆವಿಯಾಗಿ ಹೋದಷ್ಟು ಅದು ಗಟ್ಟಿಯಾಗುತ್ತದೆ, ನಿಮ್ಮ ಒಲೆಯ ಮೇಲಿನ ಸಾರಿನ ಉಪ್ಪಿನಂತೆ. ಮಳೆಗೆ ಮೊದಲು ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಪರೀಕ್ಷೆ ಮಾಡಿಸಿ, ಎರಡೂ ಚೀಟಿಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ.

ಘಟಕದವರು ರಾತ್ರಿ ಕೊಳಚೆಯನ್ನು ಹಾಗೆಯೇ ಬಿಡುತ್ತಾರೆ. ನಾನೇ ಬಾಟಲಿ ತುಂಬಿ ಪರೀಕ್ಷೆ ಮಾಡಿಸಿದರೆ ಅವರ ಮೇಲೆ ಕ್ರಮ ಆಗುತ್ತದೆಯೇ?
– ನಿವೃತ್ತ ಶಿಕ್ಷಕರು, ಬೆಂಗಳೂರು

ನಿಮ್ಮ ಬಾಟಲಿ ದೂರಿಗೆ ಬಲ ಕೊಡುತ್ತದೆ ಮೇಷ್ಟ್ರೇ, ಮಂಡಳಿಯ ಬಾಟಲಿಯ ಜಾಗದಲ್ಲಿ ನಿಲ್ಲಲಾರದು. 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಒಂದು ಶಾಸ್ತ್ರ ಹೇಳಿದೆ: ಅಧಿಕಾರಿ ಸ್ಥಳದಲ್ಲೇ ನೋಟಿಸ್ ಕೊಡಬೇಕು, ಘಟಕದವರ ಎದುರಿಗೇ ನೀರನ್ನು ಎರಡು ಪಾಲು ಮಾಡಬೇಕು, ಎರಡಕ್ಕೂ ಮೊಹರು ಹಾಕಿ ಇಬ್ಬರೂ ಸಹಿ ಮಾಡಬೇಕು. ಇದರಲ್ಲಿ ಒಂದು ತಪ್ಪಿದರೂ ಎಂಥ ಕರಿ ನೀರಿನ ವರದಿಯೂ ನ್ಯಾಯಾಲಯದಲ್ಲಿ ಬಿದ್ದುಹೋಗಬಹುದು.

ಆದ್ದರಿಂದ ನೀವು ಪೊಲೀಸರಾಗಬೇಡಿ, ದಿನಚರಿ ಬರೆಯಿರಿ. ಹದಿನೈದು ದಿನ, ಇಷ್ಟು ಗಂಟೆಗೆ ನೀರಿನ ಬಣ್ಣ ಹೀಗಿತ್ತು, ವಾಸನೆ ಹೀಗಿತ್ತು, ಮಳೆ ಇತ್ತು ಅಥವಾ ಇರಲಿಲ್ಲ ಎಂದು. ಕರೆಂಟು ಹೋಗಿದ್ದರೆ ಅದನ್ನೂ ಬರೆಯಿರಿ, ಜನರೇಟರ್ ಸದ್ದು ಕೇಳಿತೇ ಎಂಬುದನ್ನೂ. ಅದರ ಪ್ರತಿ ಇಟ್ಟು ಮಂಡಳಿಯ ಪ್ರಾದೇಶಿಕ ಕಚೇರಿಗೆ ದೂರು ಕೊಡುವಾಗ ಕೊನೆಯ ಸಾಲಿನಲ್ಲಿ ಒಂದೇ ಬೇಡಿಕೆ ಇರಲಿ: ಮಾದರಿ ತೆಗೆಯಲು ರಾತ್ರಿ ಎರಡಕ್ಕೆ ಬನ್ನಿ. ಅವರು ಬಂದ ರಾತ್ರಿ ಫ್ಲಾಸ್ಕಿನಲ್ಲಿ ಕಾಫಿ ಒಯ್ದು ಕೊಡಿ, ಬಾಟಲಿ ಮಾತ್ರ ಮುಟ್ಟಬೇಡಿ.