ಕಾಡು ಒಂಟೆ ಎಲ್ಲಿ ಹೋಯಿತು?

ಪ್ರಶ್ನೆ: ಮಲ್ಪೆ ಬೀಚಿನಲ್ಲಿ ಮಗಳನ್ನು ಒಂಟೆ ಮೇಲೆ ಕೂರಿಸಿದ್ದೆ. ಇಳಿದವಳೇ, "ಕಾಡುಹಂದಿ ಉಂಟು, ಕಾಡುಕೋಳಿ ಉಂಟು, ಕಾಡು ಒಂಟೆ ಯಾಕಿಲ್ಲ?" ಅಂತ ಕೇಳಿದಳು. ಒಂಟೆಯನ್ನು ಮೊದಲು ಸಾಕಿದ್ದು ಎಲ್ಲಿ? ರಾಜಸ್ಥಾನದಲ್ಲಾ?
(ಓದುಗರೊಬ್ಬರು, ಉಡುಪಿ)

ಉತ್ತರ: ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ವಿಜ್ಞಾನಿಗಳಿಗೂ ಕಷ್ಟ ಕೊಟ್ಟದ್ದು ಇದೇ ಪ್ರಶ್ನೆ. ಸಾಕುಪ್ರಾಣಿಯ ಮೂಲ ಹುಡುಕಬೇಕಾದರೆ ಅದರ ಕಾಡು ಸಂಬಂಧಿಯ ಜೊತೆ ಹೋಲಿಸಿ ನೋಡಬೇಕು. ಮಲ್ಪೆಯಲ್ಲಿ ನೀವು ನೋಡಿದ ಒಂದು ಡುಬ್ಬದ ಒಂಟೆಗೆ ಅಂಥ ಸಂಬಂಧಿಯೇ ಈಗ ಉಳಿದಿಲ್ಲ, ಸುಮಾರು 2,000 ವರ್ಷಗಳ ಹಿಂದೆಯೇ ಅಳಿದುಹೋಯಿತು. ಆಸ್ಟ್ರೇಲಿಯಾದಲ್ಲಿ ಒಡೆಯರಿಲ್ಲದೆ ತಿರುಗುವ ಒಂಟೆಗಳು 19ನೇ ಶತಮಾನದಲ್ಲಿ ಹಡಗಿನಲ್ಲಿ ತಂದ ಸಾಕು ಒಂಟೆಗಳ ಸಂತಾನ.

ಉಳಿದದ್ದು ಎಲುಬು ಮಾತ್ರ. ನಮ್ಮ ಕರಾವಳಿಯವರು ಅಷ್ಟೊಂದು ಜನ ದುಡಿಯಲು ಹೋಗುವ ದುಬೈಯಲ್ಲೇ, ಅಲ್ ಸುಫೂಹ್ ಎಂಬಲ್ಲಿ, ನಾಲ್ಕು ಸಾವಿರ ವರ್ಷಗಳ ಹಿಂದೆ ಜನ ಬೇಟೆಯಾಡಿದ ಕಾಡು ಒಂಟೆಗಳ ಎಲುಬು ರಾಶಿ ರಾಶಿ ಸಿಕ್ಕಿದೆ. ಬಿಸಿ ಮರಳಿನಲ್ಲಿ ಡಿಎನ್‌ಎ ಬೇಗ ಹಾಳಾಗುತ್ತದೆ. ಆದರೂ ಅರೇಬಿಯಾದ ಇಂಥ ಹಳೆಯ ಎಲುಬುಗಳಿಂದ, ತಾಯಿಯಿಂದ ಮಾತ್ರ ಮರಿಗೆ ಬರುವ ಮೈಟೋಕಾಂಡ್ರಿಯಾ ಡಿಎನ್‌ಎ ತುಣುಕುಗಳನ್ನು ಹೊರತೆಗೆದರು. ವಿಯೆನ್ನಾದ ವಿಜ್ಞಾನಿ ಪಮೆಲಾ ಬರ್ಗರ್ ಮತ್ತು ಸಂಗಡಿಗರು ಅವನ್ನು ಈಗಿನ 1,083 ಒಂಟೆಗಳ ಜೊತೆ ಹೋಲಿಸಿ 2016ರಲ್ಲಿ ಪ್ರಕಟಿಸಿದರು. ಸಾಕಿದ್ದು ಅರೇಬಿಯಾದ ಆಗ್ನೇಯ ಭಾಗದಲ್ಲಿ, ಸುಮಾರು 3,000 ವರ್ಷಗಳ ಹಿಂದೆ ಎಂದು ಅದರಿಂದ ತಿಳಿಯಿತು. ದನ ಕೊಟ್ಟಿಗೆಗೆ ಬಂದು ಆಗಲೇ ಸಾವಿರಾರು ವರ್ಷ ಕಳೆದಿತ್ತು!

ನನಗೆ ಜಾಸ್ತಿ ಇಷ್ಟವಾದದ್ದು ಮುಂದಿನ ಸಂಗತಿ. ಒಂದೇ ಸಲ ಹಿಡಿದು ಸಾಕಿ ಮುಗಿಯಲಿಲ್ಲ. ಆಮೇಲೂ ಕಾಡಿನ ಹೆಣ್ಣು ಒಂಟೆಗಳು ಸಾಕಿದ ಹಿಂಡಿಗೆ ಬಂದು ಸೇರುತ್ತಿದ್ದವು. ನಮ್ಮ ಕೋಳಿಯಲ್ಲೂ ಹೀಗೇ ಆಗಿದೆ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ, ಆದರೆ ಹಳದಿ ಕಾಲಿನ ಜೀನ್ ಬಂದದ್ದು ನಮ್ಮ ಘಟ್ಟದಲ್ಲೂ ಕೂಗುವ ಬೂದು ಕಾಡುಕೋಳಿಯ ಜಾತಿಯಿಂದ. ಹಾಗೆ ನೋಡಿದರೆ ಕಾಡು ಒಂಟೆಯ ಒಂದಷ್ಟು ಪಾಲು ನಿಮ್ಮ ಮಗಳು ಕೂತ ಒಂಟೆಯ ಮೈಯೊಳಗೇ ಇದೆ, ಅಲ್ವಾ?

ಊರಿಗೊಂದು ತಳಿ ಅಂತ ಡಿಎನ್‌ಎಯಲ್ಲಿ ಬೇರೆ ಮಾಡುವುದೂ ಕಷ್ಟ. ವ್ಯಾಪಾರಿಗಳ ಸಾಲು ಒಂಟೆಗಳು ದೇಶದಿಂದ ದೇಶಕ್ಕೆ ನಡೆದು, ದಾರಿಯಲ್ಲಿ ಕೈ ಬದಲಾಗಿ, ಎಲ್ಲ ಕಡೆ ರಕ್ತ ಬೆರೆತುಹೋಯಿತು. ಪೂರ್ವ ಆಫ್ರಿಕಾದವು ಮಾತ್ರ ಸ್ವಲ್ಪ ಬೇರೆಯಾಗಿ ನಿಲ್ಲುತ್ತವೆ.

ರಾಜಸ್ಥಾನಕ್ಕೆ ಒಂಟೆ ಪಶ್ಚಿಮದಿಂದ ಬಂದದ್ದು. ಅಲ್ಲಿನ ರೈಕಾ ಜನ ಅದನ್ನು ಮನೆಮಕ್ಕಳಂತೆ ನೋಡಿಕೊಂಡರು. ಆದರೂ 2012ರ ಜಾನುವಾರು ಗಣತಿಯಲ್ಲಿ ಭಾರತದಲ್ಲಿ ನಾಲ್ಕು ಲಕ್ಷ ಇದ್ದದ್ದು 2019ಕ್ಕೆ ಎರಡೂವರೆ ಲಕ್ಷಕ್ಕೆ ಇಳಿಯಿತು. ಕಾಡಿನದ್ದು ಹೋಯಿತು, ಈಗ ಸಾಕಿದ್ದೂ ಕಡಿಮೆಯಾಗುತ್ತಿದೆ ಅಂದರೆ ಸಂಕಟವಾಗುತ್ತದೆ.

ಮಗಳಿಗೆ ಇದನ್ನೂ ಹೇಳಿ: ಎರಡು ಡುಬ್ಬದ ಕಾಡು ಒಂಟೆ ಇನ್ನೂ ಇದೆ. ಚೀನಾ ಮತ್ತು ಮಂಗೋಲಿಯಾದ ಗೋಬಿ ಮರುಭೂಮಿ ಕಡೆ, ಹೆಚ್ಚುಕಡಿಮೆ ಒಂದು ಸಾವಿರ. ಎರಡು ಡುಬ್ಬದ ಸಾಕು ಒಂಟೆ ಇದರಿಂದಲೇ ಬಂತು ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಆದರೆ ಇವೆರಡೂ ಮನುಷ್ಯ ಒಂಟೆ ಸಾಕುವ ಲಕ್ಷಾಂತರ ವರ್ಷ ಮೊದಲೇ ಬೇರೆಯಾದವು ಎನ್ನುತ್ತದೆ ಡಿಎನ್‌ಎ.

ಪ್ರಶ್ನೆ: ಒಂಟೆ ಮೂಲದಲ್ಲಿ ಅಮೆರಿಕದ ಪ್ರಾಣಿ ಅಂತ ಯಾರೋ ಹೇಳಿದರು. ಸುಮ್ನೆ ಹೇಳಿದ್ದಾ?
(ಓದುಗರೊಬ್ಬರು, ಮಂಗಳೂರು)

ಉತ್ತರ: ನಿಜವೇ. ಒಂಟೆಯ ವಂಶ ಹುಟ್ಟಿದ್ದು ಉತ್ತರ ಅಮೆರಿಕದಲ್ಲಿ, ನಾಲ್ಕು ಕೋಟಿ ವರ್ಷಕ್ಕೂ ಹಿಂದೆ. ಒಂದು ಕವಲು, ಆಗ ಅಮೆರಿಕವನ್ನೂ ಏಷ್ಯಾವನ್ನೂ ಕೂಡಿಸಿದ್ದ ಬೇರಿಂಗ್ ಭೂಸೇತುವೆ ಎಂಬ ನೆಲದ ಪಟ್ಟಿ ದಾಟಿ ಏಷ್ಯಾಕ್ಕೆ ಬಂತು, ಇನ್ನೊಂದು ದಕ್ಷಿಣ ಅಮೆರಿಕಕ್ಕೆ ಹೋಗಿ ಲಾಮಾ, ಅಲ್ಪಾಕಾ ಆಯಿತು. 1998ರಲ್ಲಿ ದುಬೈಯಲ್ಲಿ ಕೃತಕ ಗರ್ಭಧಾರಣೆಯಿಂದ ಒಂಟೆ ಮತ್ತು ಲಾಮಾದ ಮಿಶ್ರ ಮರಿ ಹುಟ್ಟಿತು. ಅದಕ್ಕೆ ಕಾಮಾ ಎನ್ನುತ್ತಾರೆ, ಅದಕ್ಕೆ ಡುಬ್ಬವೇ ಇರಲಿಲ್ಲ.