ಪೆನ್‌ಡ್ರೈವ್ ತುಂಬ ಶಾರ್ಟ್‌ಕಟ್: ವೈರಸ್ಸೋ, ಮುಪ್ಪೋ?

ಪ್ರಶ್ನೆ: ಬದಿಯಡ್ಕದಲ್ಲಿ ನಮ್ಮದು ಅಡಿಕೆ ಖರೀದಿ ಅಂಗಡಿ. ಒಂದು ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ, ಇನ್ನೊಂದರಲ್ಲಿ ಬಿಲ್ಲು, ಮೇಲ್, ಬ್ಯಾಂಕಿನ ಕೆಲಸ. ಲೆಕ್ಕದವರಿಗೆ ಕೊಟ್ಟು ತಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿವೆ. ಕಂಪ್ಯೂಟರೂ ವಿಪರೀತ ನಿಧಾನ. ವಿಂಡೋಸಿನದೇ ಆ್ಯಂಟಿವೈರಸ್ ಆದ ಡಿಫೆಂಡರ್ ‘ಆಫ್’ ಎಂದು ತೋರಿಸುತ್ತದೆ. ರಿಪೇರಿಯ ಹುಡುಗ ಫಾರ್ಮ್ಯಾಟ್ ಮಾಡೋಣ ಅನ್ನುತ್ತಾನೆ. ಮಾಡಿಸಲೇ?
– ಅಡಿಕೆ ವ್ಯಾಪಾರಿ, ಬದಿಯಡ್ಕ

ಉತ್ತರ: ಹುಡುಗನಿಗೆ ಎರಡು ದಿನ ತಡೆಯಲು ಹೇಳಿ. ನೀವು ಬರೆದ ಮೂರರಲ್ಲಿ ನನಗೆ ದಿಗಿಲಾದದ್ದು ಪೆನ್‌ಡ್ರೈವಿನ ಸಂಗತಿ.

ನಿಧಾನಕ್ಕೆ ಹಳೆಯ ಹಾರ್ಡ್‌ಡಿಸ್ಕೇ ಸಾಕು. ನಮ್ಮೂರ ಸಿಡಿಲು, ಕರೆಂಟಿನ ಕಣ್ಣುಮುಚ್ಚಾಲೆಗೆ ಅದು ಎಷ್ಟು ಕಾಲ ಬಾಳೀತು? ಯಾರೂ ಮುಟ್ಟದಿದ್ದಾಗಲೂ ಫ್ಯಾನ್ ಗುಂಯ್ ಅನ್ನುತ್ತಿದ್ದರೆ ಮಾತ್ರ ಟಾಸ್ಕ್ ಮ್ಯಾನೇಜರ್ ತೆರೆದು, ಪ್ರೊಸೆಸರನ್ನು ತಿನ್ನುತ್ತಿರುವುದು ಯಾವುದೆಂದು ನೋಡಿ. ಅಪ್‌ಡೇಟ್ ಇದ್ದೀತು, ನಿಮ್ಮ ಕರೆಂಟಿನಲ್ಲಿ ಬಿಟ್‌ಕಾಯಿನ್ನಿನಂಥ ನಾಣ್ಯ ಗಳಿಸುತ್ತಿರುವ ಕಳ್ಳ ತಂತ್ರಾಂಶವೂ ಇದ್ದೀತು. ಇನ್ನು ಡಿಫೆಂಡರ್: ಬೇರೆ ಆ್ಯಂಟಿವೈರಸ್ ಹಾಕಿದ್ದರೆ ಅದು ತಾನೇ ಹಿಂದೆ ಸರಿಯುತ್ತದೆ. ಬೇರೇನೂ ಇಲ್ಲದೆ, ನೀವು ಆನ್ ಮಾಡಿದರೂ ಮತ್ತೆ ಆಫ್ ಆಗುತ್ತಿದ್ದರೆ ಅದು ಸೋಂಕಿನ ಲಕ್ಷಣ.

ಶಾರ್ಟ್‌ಕಟ್ಟಿನದ್ದು ಹಳೇ ಚಾಳಿ. ವರ್ಮ್ ಎಂಬ, ತಾನೇ ಹರಡುವ ಈ ಜಾತಿ ನಿಮ್ಮ ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಒತ್ತಿದರೆ ಮೊದಲು ಆ ವರ್ಮ್ ಓಡುತ್ತದೆ, ಆಮೇಲೆ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ಕೆಲಸ ನಡೆಯಿತಲ್ಲ ಎಂದು ನಾವು ಸುಮ್ಮನಾಗುತ್ತೇವೆ. ಕಡತಗಳು ಅಳಿದಿರುವುದಿಲ್ಲ, ಹೆದರಬೇಡಿ. ಆದರೆ ಒಂದು ಯಂತ್ರ ಫಾರ್ಮ್ಯಾಟ್ ಮಾಡಿ, ಇನ್ನೊಂದನ್ನೂ ಪೆನ್‌ಡ್ರೈವನ್ನೂ ಹಾಗೇ ಬಿಟ್ಟರೆ ಸಂಜೆಯೊಳಗೆ ಮತ್ತೆ ಅದೇ ಕಥೆ. ಲೆಕ್ಕದವರಿಗೂ ಒಂದು ಫೋನ್ ಮಾಡಿ. ಮೂಲ ಅಲ್ಲೇ ಇರಬಹುದು.

ಎರಡರ ನೆಟ್ ವಯರನ್ನೂ ಕಿತ್ತು, ವಿಂಡೋಸ್ ಸೆಕ್ಯುರಿಟಿಯಲ್ಲಿ ಆಫ್‌ಲೈನ್ ಸ್ಕ್ಯಾನ್ ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮುಂಚೆಯೇ ಅದು ಹುಡುಕುತ್ತದೆ. ಫಾರ್ಮ್ಯಾಟ್ ಆಮೇಲಿನ ಮಾತು. ಮಾಡಿಸುವುದೇ ಆದರೆ ಟ್ಯಾಲಿಯ ಡೇಟಾ ಫೋಲ್ಡರನ್ನು ಮೊದಲು ತೆಗೆದಿಡಿ. ಬ್ಯಾಂಕಿನ ಪಾಸ್‌ವರ್ಡನ್ನು ಬೇರೆ ಶುದ್ಧ ಯಂತ್ರದಿಂದಲೇ ಬದಲಿಸಿ.

ಸದ್ದು ಮಾಡುವ ಸೋಂಕು ವಾಸಿ. 2017ರ ಮೇ ತಿಂಗಳಲ್ಲಿ ವಯನಾಡಿನ ತರಿಯೋಡು ಪಂಚಾಯತ್ ಕಚೇರಿಗೆ ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ವೈರಸ್ ಬಡಿದಾಗ ಪರದೆಯೇ ಅದನ್ನು ಸಾರಿ ಹೇಳಿತ್ತು. ಸಂಶಯಕ್ಕೆ ಎಡೆಯೇ ಇರಲಿಲ್ಲ. ವ್ಯಾಪಾರಿಗೆ ಹೆಚ್ಚು ಅಪಾಯ ಮೌನವಾಗಿ ಮೇಲ್ ಓದುವವನಿಂದ. ಅವನು ನಿಮ್ಮ ಹೆಸರಿನಲ್ಲೇ ತನ್ನ ಖಾತೆ ನಂಬರ್ ಕಳಿಸಿ ನಿಮಗೆ ಬರಬೇಕಾದ ಹಣ ಹೊಡೆದಾನು. ನಿಮ್ಮ ಮೇಲ್ ಸೆಟ್ಟಿಂಗಿನಲ್ಲಿ ನೀವು ಹಾಕದ ಫಾರ್ವರ್ಡಿಂಗ್ (ಬಂದ ಪತ್ರವನ್ನು ಬೇರೆ ವಿಳಾಸಕ್ಕೆ ತಾನೇ ಕಳಿಸುವ ಏರ್ಪಾಡು) ಇದೆಯೇ? ಓದದ ಪತ್ರ ಓದಿದಂತೆ ಕಾಣುತ್ತಿದೆಯೇ? ಗುಜರಾತಿನ ಖರೀದಿದಾರರು “ಖಾತೆ ನಂಬರ್ ಬದಲಾಯಿತೇ?” ಎಂದು ಕೇಳಿದರೆ ಅಂದೇ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ಕಳಿಸಿದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.